ಸಜ್ಜೆ ರೊಟ್ಟಿ ಕೇಳಲಾಗದ ಹುಡುಗಿ

ಹಸಿವಿನಿಂದ ಹಾಸಿಗೆ ಹಿಡಿದಿದ್ದ ತಾಯಿ ಒಂದು ತುಂಡು ಸಜ್ಜೆ ರೊಟ್ಟಿ ಸಿಕ್ಕೀತೇ ಎಂದು ಕೇಳಿದಳು. ಹದಿನಾರರ ಆಸುಪಾಸಿನ ಮಗಳು ನೆರೆಮನೆಯ ಬಾಗಿಲಿಗೆ ಹೋಗಿ ನಿಂತಳು. ಭಾಗವತದ ಸಾವಿರಾರು ಶ್ಲೋಕ ಅವಳ ನಾಲಿಗೆಯ ತುದಿಯಲ್ಲಿದ್ದವು. ದೇವಸ್ಥಾನದ ಜಗಲಿಯಲ್ಲಿ ಕೂತು ಪುರಾಣ ಹೇಳಿ ಜನರನ್ನು ತಲೆದೂಗಿಸಿದ ಮನೆತನ ಅದು. ಆದರೆ ತಾಯಿಗೊಂದು ರೊಟ್ಟಿ ಕೊಡಿ ಎನ್ನುವ ಮಾತು ಅವಳ ಗಂಟಲು ದಾಟಲಿಲ್ಲ, ಕಣ್ಣೀರು ಮಾತ್ರ ಇಳಿಯಿತು. ಮನೆಯಾಕೆ ಅದನ್ನು ನೋಡಿಯೇ ಅರ್ಥ ಮಾಡಿಕೊಂಡು ಕೈಗೆ ರೊಟ್ಟಿ ಕೊಟ್ಟಳು. ತಂದು ಮುಂದಿಟ್ಟರೆ, ಅದನ್ನು ತಿನ್ನುವಷ್ಟು ಶಕ್ತಿಯೂ ತಾಯಿಯಲ್ಲಿ ಉಳಿದಿರಲಿಲ್ಲ. ಆ ಮಗಳ ಹೆಸರು ರಮಾಬಾಯಿ ಡೋಂಗ್ರೆ. ಮುಂದೆ ದೇಶ ಅವಳನ್ನು ಪಂಡಿತಾ ರಮಾಬಾಯಿ ಎಂದು ಕರೆಯಿತು. ಕಾಲು ಶತಮಾನ ಕಳೆದ ಮೇಲೆ, ಪುಣೆ ಜಿಲ್ಲೆಯ ಕೇಡಗಾಂವ್ ಎಂಬ ಹಳ್ಳಿಯಲ್ಲಿ ಇದೇ ಹೆಂಗಸು ಸುಮಾರು 1,900 ಜನರ ಹೊಟ್ಟೆ, ಬಟ್ಟೆ, ಓದು, ಕಸುಬುಗಳ ಹೊಣೆ ಹೊತ್ತಿದ್ದಳು. ಆ ಬಾಗಿಲಿನಿಂದ ಈ ಊರಿನವರೆಗಿನ ದಾರಿಯನ್ನು ನಾವು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ: ಕಷ್ಟ ಅವಳನ್ನು ಗಟ್ಟಿ ಮಾಡಿತು, ದೇವರು ಕೈಹಿಡಿದ. ಈ ವಾಕ್ಯದ ಎರಡು ಭಾಗಗಳನ್ನೂ ಬಿಡಿಸಿ ನೋಡಬೇಕು ಎನ್ನುವುದು ನನ್ನ ವಾದ. ಕಷ್ಟ ಅವಳಿಗೆ ಕೊಟ್ಟದ್ದು ಒಂದು ಬಗೆಯ ತಿಳಿವಳಿಕೆ. ಗಟ್ಟಿತನಕ್ಕಿಂತ ಅದು ಅಪರೂಪದ ವಸ್ತು. ಇನ್ನು ದೇವರ ಮೇಲಿನ ನಂಬಿಕೆ ಕೊಟ್ಟದ್ದು, ಮನುಷ್ಯರ ಷರತ್ತುಗಳಿಗೆ ತಲೆಬಾಗದೆ ನಿಲ್ಲುವ ಸ್ವಾತಂತ್ರ್ಯ. ಎರಡೂ ಕೂಡಿದಾಗಲೇ ಅವಳು ನಾಯಕಿಯಾದಳು. ಬಿಡಿಬಿಡಿಯಾಗಿ ಅವು ಅವಳ ಮನೆಯವರನ್ನೇ ಉಳಿಸಲಿಲ್ಲ.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್‌ನಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು ಎನ್ನುವುದೇ ಅವರ ಮೇಲಿದ್ದ ದೂರು. ಆ ಕಾರಣಕ್ಕೆ ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಹೆಂಗಸರು ಕಾವ್ಯ ಪುರಾಣ ಓದಬಾರದೆಂದು ಶಾಸ್ತ್ರ ಹೇಳುವುದಿಲ್ಲ ಎಂದು ಆಧಾರ ಸಹಿತ ವಾದಿಸಬೇಕಾಯಿತು. ಕಾಡಿನಲ್ಲಿ ಅವರು ಕಟ್ಟಿಕೊಂಡ ಮನೆಗೆ ವಿದ್ಯಾರ್ಥಿಗಳು ಬಂದರು, ಯಾತ್ರಿಕರು ಬಂದರು, ಅತಿಥಿ ಸತ್ಕಾರದಲ್ಲಿ ಆಸ್ತಿ ಕರಗಿತು. ಮಗು ರಮೆಗೆ ಆರು ತಿಂಗಳಾದಾಗ ಸಂಸಾರ ಘಟ್ಟ ಇಳಿಯಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳೊಬ್ಬ ತಲೆಯ ಮೇಲೆ ಹೊತ್ತು ತಂದ. ಅಲ್ಲಿಂದ ಮುಂದೆ ಅವರಿಗೆ ಮನೆ ಎಂಬುದು ಇರಲಿಲ್ಲ. ಒಂದು ತೀರ್ಥಕ್ಷೇತ್ರದಿಂದ ಇನ್ನೊಂದಕ್ಕೆ ನಡೆಯುವುದು, ಪುರಾಣ ಹೇಳುವುದು, ಕೇಳಿದವರು ಕೊಟ್ಟ ಅಕ್ಕಿ ಕಾಸಿನಲ್ಲಿ ಬದುಕುವುದು. ಹೀಗೆ ನಡೆಯುತ್ತಲೇ ತಾಯಿ ಮಗಳಿಗೆ ಸಂಸ್ಕೃತ ಕಲಿಸಿದಳು, ಹಾದಿಯ ಮೇಲಿನ ಜನ ಕನ್ನಡ, ಹಿಂದೂಸ್ತಾನಿ ಕಲಿಸಿದರು. ಅಂದರೆ ಈ ಹುಡುಗಿಗೆ ಇತರ ಸಾವಿರಾರು ಬಡ ಹುಡುಗಿಯರಿಗೆ ಸಿಗದ ಒಂದು ಸೊತ್ತು ಮೊದಲೇ ಸಿಕ್ಕಿತ್ತು. ಅವಳ ಕಥೆಯನ್ನು ಬರೀ ಕಷ್ಟದ ಕಥೆಯಾಗಿ ಹೇಳುವವರು ಈ ಸೊತ್ತನ್ನು ಲೆಕ್ಕದಿಂದ ಬಿಡುತ್ತಾರೆ. ಅದು ಸರಿಯಲ್ಲ.

1870ರ ದಶಕದ ನಡುವೆ ದಕ್ಷಿಣದಲ್ಲಿ ಬರ ಬಿತ್ತು. ಪುರಾಣ ಕೇಳುವವರಿಗೇ ಅನ್ನ ಇಲ್ಲದಾದಾಗ ಹೇಳುವವರಿಗೆ ಎಲ್ಲಿಂದ ಬರಬೇಕು? ಆಗ ಅನಂತಶಾಸ್ತ್ರಿಗಳು ಮಾಡಿದ್ದನ್ನು ಮಗಳು ಮುಂದೆ ತನ್ನ ಬರಹಗಳಲ್ಲಿ ನೋವಿನಿಂದ ದಾಖಲಿಸಿದ್ದಾಳೆ. ಕೈಯಲ್ಲಿ ಉಳಿದಿದ್ದ ಹಣವನ್ನು ಅವರು ಪೂಜೆಗೆ, ಹರಕೆಗೆ, ದಾನಕ್ಕೆ ಕೊಟ್ಟರು. ದೇವರು ಮೆಚ್ಚಿ ಕೊಡುತ್ತಾನೆ ಎಂದು ಕಾದರು. ಕೂಲಿ ಮಾಡಲು ಕುಲದ ಅಭಿಮಾನ ಬಿಡಲಿಲ್ಲ. ಹಣ ಮುಗಿಯಿತು, ಒಡವೆ ಹೋಯಿತು, ಪಾತ್ರೆ ಹೋಯಿತು. ಕಡೆಗೆ ತಿರುಪತಿಯ ಹತ್ತಿರದ ಕಾಡು ಸೇರಿ ಹನ್ನೊಂದು ದಿನ ನೀರು, ಸೊಪ್ಪು, ಒಂದು ಹಿಡಿ ಕಾಡು ಈಚಲು ಹಣ್ಣು ತಿಂದು ಜೀವ ಹಿಡಿದರು. ತಂದೆ ಕೆರೆಯಲ್ಲಿ ಜಲಸಮಾಧಿ ಹೊಂದಲು ಹೊರಟರು. ಮಗ ಶ್ರೀನಿವಾಸ ಮಾನ ಮರ್ಯಾದೆ ಬದಿಗಿಟ್ಟು ಕೂಲಿಗೆ ಹೋಗುತ್ತೇನೆಂದು ಹೇಳಿ ತಡೆದ. ಆದರೆ ಕಾಲ ಮಿಂಚಿತ್ತು. 1874ರಲ್ಲಿ ತಂದೆ ತೀರಿದರು, ಕೆಲವೇ ತಿಂಗಳಲ್ಲಿ ತಾಯಿ, ಆಮೇಲೆ ಅಕ್ಕ. ತಾಯಿಯ ಹೆಣ ಹೊರಲು ಜನ ಬರಲಿಲ್ಲ. ಕೊನೆಗೆ ಇಬ್ಬರು ಮರುಗಿ ಬಂದರು. ಅಣ್ಣ ಮೂರನೆಯವನು, ನಾಲ್ಕನೆಯವಳು ರಮಾ. ಸುಡುಗಾಡು ಮೂರು ಮೈಲಿ ದೂರ. ಅವಳ ಎತ್ತರ ಸಾಲದು, ಹೆಗಲಿಗೆ ಕೊಟ್ಟರೆ ಚಟ್ಟ ವಾಲುತ್ತದೆ. ಹಾಗಾಗಿ ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಇಟ್ಟುಕೊಂಡು ನಡೆದಳು.

ದೇವರ ಮೇಲೆ ಭಾರ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಬೋಧಿಸುವವರು ಈ ಸಾವುಗಳ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಅನಂತಶಾಸ್ತ್ರಿಗಳ ನಂಬಿಕೆಯಲ್ಲಿ ಎಳ್ಳಷ್ಟೂ ಕಪಟ ಇರಲಿಲ್ಲ. ಇದ್ದದ್ದೆಲ್ಲ ಕೊಟ್ಟವನ ನಂಬಿಕೆಯನ್ನು ಕಡಿಮೆ ಎನ್ನಲು ನಮಗೆ ಯಾವ ಅಧಿಕಾರವೂ ಇಲ್ಲ. ಆದರೂ ಆ ನಂಬಿಕೆಯ ಒಳಗೆ ಒಂದು ವ್ಯವಹಾರ ಇತ್ತು: ನಾನಿಷ್ಟು ಕೊಡುತ್ತೇನೆ, ನೀನಿಷ್ಟು ಕೊಡು. ಕೊಡುವ ಕೆಲಸ ಮುಗಿದ ಮೇಲೆ ಉಳಿಯುವುದು ಕಾಯುವುದೊಂದೇ. ಮಕ್ಕಳಿಬ್ಬರೂ ಈ ವ್ಯವಹಾರದ ಸೋಲನ್ನು ಕಣ್ಣಾರೆ ಕಂಡರು. ಅಲ್ಲಿಂದ ಅವರ ನಂಬಿಕೆ ಸಡಿಲವಾಗುತ್ತಾ ಬಂತು. ಸಾಯುವ ಮುನ್ನ ತಂದೆ ಕಿರಿಯ ಮಗಳನ್ನು ಹತ್ತಿರ ಕರೆದು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಅವನ ಸೇವೆಯನ್ನೇ ಮಾಡು ಎಂಬ ಅರ್ಥದ ಮಾತು ಹೇಳಿದ್ದರು. ಆ ಒಪ್ಪಿಸುವಿಕೆಯಲ್ಲಿ ಕೊಡು-ಕೊಳ್ಳುವ ಮಾತಿಲ್ಲ ಎನ್ನುವುದನ್ನು ಗಮನಿಸಬೇಕು. ಮಗಳು ವರ್ಷಗಟ್ಟಲೆ ಅದರ ಅರ್ಥ ಹುಡುಕಿದಳು. ತಂದೆಯ ಹರಕೆಗಳನ್ನು ಬಿಟ್ಟಳು, ಆ ಮಾತನ್ನು ಬಿಡಲಿಲ್ಲ.

ಉಳಿದ ಅಣ್ಣ ತಂಗಿ ನಾಲ್ಕು ಸಾವಿರ ಮೈಲಿಗೂ ಹೆಚ್ಚು ನಡೆದರು. ಉತ್ತರದವರೆಗೂ ಹೋದರು. ಹೊದೆಯಲು ಇಲ್ಲದ ಚಳಿಗಾಲದಲ್ಲಿ ಝೇಲಂ ನದಿಯ ದಡದ ಮರಳಿನಲ್ಲಿ ಗೋರಿಯಂಥ ಎರಡು ಗುಂಡಿ ತೋಡಿ, ತಲೆ ಮಾತ್ರ ಹೊರಗಿಟ್ಟು, ಮೈಮೇಲೆ ಮರಳೆಳೆದುಕೊಂಡು ರಾತ್ರಿ ಕಳೆದರು. ನೆನೆಸಿದ ಕಾಳು, ಒಂದು ಚಿಟಿಕೆ ಉಪ್ಪು, ಅಷ್ಟೇ ಊಟ. ಇಂಥ ಬದುಕು ನಾಯಕರನ್ನು ಹುಟ್ಟಿಸುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬಾರದು. ಹಳೆಯ ಮೈಸೂರು ಸೀಮೆಯಲ್ಲಿ 1871ರ ಗಣತಿಯಂತೆ 50 ಲಕ್ಷ ದಾಟಿದ್ದ ಜನಸಂಖ್ಯೆ, ಧಾತು-ಈಶ್ವರ ಸಂವತ್ಸರಗಳ (1876–78) ಬರ ಹಾದುಹೋದ ಮೇಲೆ, 1881ರಲ್ಲಿ 42 ಲಕ್ಷದ ಹತ್ತಿರ ಬಂದು ನಿಂತಿತ್ತು. ಬರ ಹುಟ್ಟಿಸುವುದು ಹೆಣಗಳನ್ನು. ಬದುಕುಳಿದವರಲ್ಲೂ ಎಷ್ಟೋ ಜನ ಕಲ್ಲಾಗುತ್ತಾರೆ, ಎಷ್ಟೋ ಜನ ಮತ್ತೆ ಆ ದಿನಗಳ ಮಾತೆತ್ತುವುದೇ ಇಲ್ಲ. ರಮಾಬಾಯಿಯ ಅಣ್ಣ ಕೂಡ ಅದೇ ಹಾದಿ ನಡೆದವನು, ಅಷ್ಟೇ ಕಲಿತವನು. ಆ ವರ್ಷಗಳ ಉಪವಾಸಕ್ಕೆ ಮೈ ಸವೆದು 1880ರಲ್ಲಿ ಢಾಕಾದಲ್ಲಿ ತೀರಿಕೊಂಡ. ಆದ್ದರಿಂದ ಕಷ್ಟವನ್ನು ಗುರು ಎಂದು ಹೊಗಳುವುದು ಸತ್ತವರಿಗೆ ಮಾಡುವ ಅನ್ಯಾಯ. ಕಷ್ಟ ಮಾಡಬಲ್ಲದ್ದು ಇಷ್ಟು: ಹಸಿದವರಿಗೆ ಏನಾಗುತ್ತದೆ, ಅವರು ಏಕೆ ಕೇಳುವುದಿಲ್ಲ, ಯಾವ ಹೊತ್ತಿಗೆ ರೊಟ್ಟಿ ಕೊಟ್ಟರೂ ಪ್ರಯೋಜನ ಇಲ್ಲ ಎನ್ನುವುದನ್ನು ಅದು ಮೈಗೆ ಕಲಿಸುತ್ತದೆ. ಆ ಪಾಠವನ್ನು ಇನ್ನೊಬ್ಬರಿಗಾಗಿ ಬಳಸುವಂತೆ ಮಾಡುವುದು ಬೇರೇನೋ.

ಆ ಬೇರೇನೋ ಅವಳಲ್ಲಿ ನಿಧಾನವಾಗಿ ರೂಪುಗೊಂಡಿತು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಇಪ್ಪತ್ತರ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಅಲ್ಲೇ ಬ್ರಹ್ಮಸಮಾಜದ ಮುಖಂಡ ಕೇಶವಚಂದ್ರ ಸೇನರು ವೇದ ಓದಲು ಹೇಳಿದರು. ಓದಿದಷ್ಟೂ ಹೆಂಗಸರ ವಿಷಯದಲ್ಲಿ ಶಾಸ್ತ್ರಗಳು ಹೇಳುವುದರ ಬಗ್ಗೆ ಅವಳ ಅಸಮಾಧಾನ ಬೆಳೆಯಿತು. ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸರನ್ನು ಜಾತಿ ಮೀರಿ ಮದುವೆಯಾದಳು. ಎರಡು ವರ್ಷ ತುಂಬುವ ಮೊದಲೇ ಕಾಲರಾ ಅವರನ್ನು ಕೊಂಡೊಯ್ದಿತು. ಇಪ್ಪತ್ತಮೂರರ ವಿಧವೆ, ಕೈಯಲ್ಲಿ ಹಸುಳೆ ಮನೋರಮಾ. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದಳು, ಶಿಕ್ಷಣದ ಬಗ್ಗೆ ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಹೆಂಗಸರಿಗೆ ಹೆಣ್ಣು ಶಿಕ್ಷಕಿಯರು, ಹೆಣ್ಣು ವೈದ್ಯರು ಬೇಕೆಂದು ಸಾಕ್ಷ್ಯ ನುಡಿದಳು. ಮರುವರ್ಷ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತ ದೀಕ್ಷೆ ಪಡೆದಳು. ನಿಜವಾದ ಸಂಗತಿ ಶುರುವಾಗುವುದು ದೀಕ್ಷೆಯ ನಂತರ. ಅವಳನ್ನು ಕರೆತಂದ ಚರ್ಚಿನವರು ಇನ್ನು ಈಕೆ ಹೇಳಿದಂತೆ ಕೇಳುತ್ತಾಳೆ ಎಂದುಕೊಂಡಿದ್ದರು. ಕೇಳಲಿಲ್ಲ. ಆಕೆಗೆ ಧರ್ಮಮಾತೆಯಾಗಿದ್ದ ಸನ್ಯಾಸಿನಿ ಸಿಸ್ಟರ್ ಜೆರಾಲ್ಡಿನ್ ಜತೆಗಿನ ಪತ್ರಗಳಲ್ಲಿ, ಒಂದು ಪುರೋಹಿತ ವರ್ಗದ ನೊಗ ಇಳಿಸಿ ಬಂದವಳು ಇನ್ನೊಂದರ ನೊಗಕ್ಕೆ ಕತ್ತು ಕೊಡಲಾರೆ ಎಂಬ ನಿಲುವನ್ನು ಮತ್ತೆ ಮತ್ತೆ ಸ್ಪಷ್ಟಪಡಿಸಿದಳು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳಿದಳು. ಅವಳು ಇಂಗ್ಲಿಷ್ ಹುಡುಗರಿಗೆ ಪಾಠ ಹೇಳುವುದು ಸಲ್ಲದೆಂದು ಬಿಷಪ್ಪರು ಅಡ್ಡಬಂದಾಗ ಅದನ್ನೂ ಪ್ರಶ್ನಿಸಿದಳು. ಪರದೇಶ, ಕೈಯಲ್ಲಿ ಕಾಸಿಲ್ಲ, ಅನ್ನ ಹಾಕುತ್ತಿರುವವರು ಅವರೇ. ಅಂಥಲ್ಲಿ ಈ ಧೈರ್ಯ ಎಲ್ಲಿಂದ ಬಂತು? ತಾನು ಉತ್ತರ ಹೇಳಬೇಕಾದದ್ದು ದೇವರಿಗೆ ಮಾತ್ರ ಎಂದು ನಂಬಿದವರಿಗೆ ಮನುಷ್ಯರ ಮುನಿಸು ಸಣ್ಣದಾಗಿ ಕಾಣುತ್ತದೆ. ದೈವಭಕ್ತಿ ಎಂದರೆ ವಿಧೇಯತೆ ಎಂದುಕೊಂಡವರಿಗೆ ರಮಾಬಾಯಿ ಕೊನೆಯವರೆಗೂ ಬಿಡಿಸಲಾಗದ ಗಂಟು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಶುರುವಾಯಿತು. ಮರುವರ್ಷ ಪುಣೆಗೆ ಬಂತು. ಮೇಲ್ಜಾತಿಯ ಬಾಲವಿಧವೆಯರಿಗೆ ಓದು ಮತ್ತು ನೆಲೆ ಕೊಡುವ ಮನೆ ಅದು. ಹಣ ಅಮೆರಿಕದ ರಮಾಬಾಯಿ ಸಂಘದ್ದು, ಹತ್ತು ವರ್ಷಕ್ಕೆಂದು ಒಪ್ಪಿಕೊಂಡದ್ದು. ಇಲ್ಲೊಂದು ಆಕ್ಷೇಪ ಏಳುತ್ತದೆ: ದೇವರ ನಂಬಿಕೆ ಎನ್ನುತ್ತೀರಿ, ನಡೆದದ್ದು ಡಾಲರಿನ ಮೇಲೆ ಅಲ್ಲವೇ? ಪ್ರಶ್ನೆ ನ್ಯಾಯವಾದದ್ದು. ಅಮೆರಿಕದಲ್ಲಿ ಊರೂರು ಸುತ್ತಿ ಭಾಷಣ ಮಾಡಿ, 1887ರಲ್ಲಿ ಮೇಲ್ಜಾತಿಯ ಹಿಂದೂ ಹೆಂಗಸರ ಪಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಮಾರಿ, ಅವಳೇ ಆ ಹಣ ಕೂಡಿಸಿದ್ದಳು. ಒಂದು ರೊಟ್ಟಿ ಕೇಳಲಾಗದ ಬಾಯಿ ಬೇರೆಯವರ ಮಕ್ಕಳಿಗಾಗಿ ಸಾವಿರ ಸಭೆಗಳಲ್ಲಿ ಕೇಳಲು ಕಲಿತಿತ್ತು. ನಾಯಕತ್ವ ಅಲ್ಲಿ ಹುಟ್ಟಿತು ಎಂದು ನನಗನ್ನಿಸುತ್ತದೆ. ತನಗಾಗಿ ಕೇಳುವುದರಲ್ಲಿದ್ದ ಅವಮಾನ ಇತರರಿಗಾಗಿ ಕೇಳುವಾಗ ಕಳಚಿಬಿದ್ದಿತು. ಆದರೆ ಹಣದ ಜತೆ ಷರತ್ತೂ ಬರುತ್ತದೆ. ಆ ಷರತ್ತಿನ ಗೆರೆ ದಾಟುವ ಸಂದರ್ಭ ಬಂದದ್ದು 1896ರ ಬರದಲ್ಲಿ.

ಮಧ್ಯಪ್ರಾಂತ್ಯದಲ್ಲಿ ಜನ ಸಾಯುತ್ತಿರುವ ಸುದ್ದಿ ಬಂದಾಗ ರಮಾಬಾಯಿಯ ಬಳಿ ಹೆಚ್ಚುವರಿ ಹಣ ಇರಲಿಲ್ಲ. ಸಂಘದ ಹಣ ಸದನದ ವಿಧವೆಯರಿಗೆ ಮೀಸಲು. ಜಾತಿ ಗೊತ್ತಿಲ್ಲದ, ಊರು ಗೊತ್ತಿಲ್ಲದ ಬರದ ಮಕ್ಕಳಿಗೆ ಅದನ್ನು ಬಳಸುವಂತಿಲ್ಲ. ಲೆಕ್ಕ ಹಾಕಿದವರು ಯಾರೇ ಆದರೂ ಬೇಡ ಎನ್ನುತ್ತಿದ್ದರು. ಅವಳು ಹೊರಟಳು. ತನ್ನ ಎಳೆವಯಸ್ಸಿನ ಬರದ ನೆನಪು ಸುಮ್ಮನೆ ಕೂರಲು ಬಿಡಲಿಲ್ಲ ಎಂದು ಬರೆದಿದ್ದಾಳೆ. ಆ ನೆನಪು ಕೊಟ್ಟ ಕಣ್ಣು ಎಂಥದ್ದು ನೋಡಿ. ಸರ್ಕಾರದ ಪರಿಹಾರ ಕ್ಯಾಂಪುಗಳಿಗೆ ಹೋದ ಅಧಿಕಾರಿಗಳಿಗೆ ತಲೆ ಎಣಿಕೆ ಕಾಣುತ್ತಿತ್ತು, ಧಾನ್ಯದ ತೂಕ ಕಾಣುತ್ತಿತ್ತು. ರಮಾಬಾಯಿಗೆ ಕಂಡದ್ದು ದಿಕ್ಕಿಲ್ಲದ ಹರೆಯದ ಹುಡುಗಿಯರು, ಅವರ ಸುತ್ತ ಸುಳಿಯುವ ಗಂಡಸರು, ಒಂದು ತುತ್ತಿಗೆ ಮಾರಾಟವಾಗುವ ಮೈ. ಹೆಣ್ಣಿಗೆ ಬರದಲ್ಲಿ ಹಸಿವಿಗಿಂತ ಮೊದಲು ಬರುವ ಅಪಾಯ ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸುಮಾರು 300 ಹುಡುಗಿಯರನ್ನು ಕರೆತಂದಳು. ಅದೇ ಹೊತ್ತಿಗೆ ಪುಣೆಯಲ್ಲಿ ಪ್ಲೇಗು. ಇಷ್ಟು ಜನರನ್ನು ಊರೊಳಗೆ ಇಡಲು ಅಧಿಕಾರಿಗಳು ಬಿಡಲಿಲ್ಲ. ಸದನಕ್ಕೆ ಆದಾಯವಾಗಲಿ ಎಂದು ಹಣ್ಣಿನ ಗಿಡ ನೆಡಲು ಕೊಂಡಿದ್ದ ಕೇಡಗಾಂವ್‌ನ ಜಮೀನಿನಲ್ಲಿ ಡೇರೆ ಹಾಕಿ, ಚಪ್ಪರ ಕಟ್ಟಿ ಅವರನ್ನು ಇಳಿಸಿದಳು. ಮುಕ್ತಿ ಎಂಬ ಊರು ಹುಟ್ಟಿದ್ದು ಹಾಗೆ. 1897ರಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲವೆಂದು ಪತ್ರಿಕೆಗೆ ಬಹಿರಂಗವಾಗಿ ಬರೆದಳು. ಮುಂಬಯಿಯ ಗವರ್ನರ್ ಆ ಮಾತನ್ನು ತಳ್ಳಿಹಾಕಿದರು. ಅವಳು ತನ್ನ ಮಾತಿನಿಂದ ಹಿಂದೆ ಸರಿಯಲಿಲ್ಲ.

ತಂದೆಯ ನಂಬಿಕೆಗೂ ಮಗಳ ನಂಬಿಕೆಗೂ ಇರುವ ದೂರ ಇಲ್ಲಿ ಅಳೆಯಲು ಸಿಗುತ್ತದೆ. ತಂದೆ ಕೊಟ್ಟು ಕಾದರು. ಮಗಳು ಮೊದಲು ಹೊರಟಳು, ದಾರಿಯಲ್ಲಿ ಒದಗುತ್ತದೆ ಎಂದು ನಂಬಿದಳು. ಇದನ್ನು ಹುಚ್ಚು ಸಾಹಸ ಎನ್ನುವವರಿದ್ದಾರೆ. ಒದಗದೇ ಹೋಗಿದ್ದರೆ 300 ಹುಡುಗಿಯರ ಗತಿ ಏನು? ಆಕ್ಷೇಪಕ್ಕೆ ತೂಕ ಇದೆ. ನಂಬಿ ಕೆಟ್ಟವರ ಹೆಸರು ಇತಿಹಾಸದಲ್ಲಿ ಉಳಿಯುವುದಿಲ್ಲ ಎನ್ನುವುದೂ ನಿಜ. ಆದರೆ ಅವಳು ಕಣ್ಣುಮುಚ್ಚಿ ನಂಬಲಿಲ್ಲ. ಜಮೀನು ಮೊದಲೇ ಇತ್ತು, ಬಾವಿ ತೋಡಿಸಿದ್ದಳು. ಏಳೆಂಟು ವರ್ಷ ಸದನದಲ್ಲಿ ಕಲಿತ ಹೆಣ್ಣುಮಕ್ಕಳು ಕೈಗೆ ಬಂದಿದ್ದರು. ಬರದ ಮಕ್ಕಳನ್ನು ಗುಂಪುಗುಂಪಾಗಿ ಅವರ ಕೈಗೊಪ್ಪಿಸಿದಳು. ನಿನ್ನೆಯವರೆಗೆ ಮನೆಯ ಮೂಲೆಯಲ್ಲಿ ತಲೆ ಬೋಳಿಸಿ ಕೂರಿಸಲಾಗಿದ್ದ ವಿಧವೆ ಇವತ್ತು ಹಲವು ಮಕ್ಕಳ ತಾಯಿ, ಮೇಲ್ವಿಚಾರಕಿ. 1900ರಲ್ಲಿ ಗುಜರಾತಿನಲ್ಲಿ ಬರ ಬಂದಾಗ ಮಕ್ಕಳನ್ನು ಕರೆತರಲು ಹೋದವರು ಅವಳು ತರಬೇತಿ ಕೊಟ್ಟ ಹೆಂಗಸರೇ. ಕೇಡಗಾಂವ್‌ನಲ್ಲಿ ಮಗ್ಗ ಇತ್ತು, ಎಣ್ಣೆ ಗಾಣ ಇತ್ತು, ಹೊಲಿಗೆ, ಹೈನು, ತೋಟ, ಅಚ್ಚುಕೂಟ ಇದ್ದವು. ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸುತ್ತಿದ್ದರು. ಸಮಾಜ ಕೆಟ್ಟವರೆಂದು ತಳ್ಳಿದ ಹೆಂಗಸರಿಗೆ ಕೃಪಾ ಸದನ ಬೇರೆಯೇ ಇತ್ತು. ಇಷ್ಟೆಲ್ಲ ನಡೆಸಿದವರು ಹೆಂಗಸರು. ನಂಬಿಕೆ ಅವಳಿಗೆ ಹೊರಡುವ ಧೈರ್ಯ ಕೊಟ್ಟಿತು, ಹೊರಟ ಮೇಲೆ ಬೇಕಾದ ಬುದ್ಧಿ ಹಸಿವು ಕಲಿಸಿದ್ದು.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಮತಾಂತರದ್ದು. ಅದನ್ನು ತಳ್ಳಿಹಾಕುವವರ ಸಾಲಿಗೆ ನಾನು ಸೇರುವುದಿಲ್ಲ. ಶಾರದಾ ಸದನ ಧರ್ಮದ ವಿಷಯದಲ್ಲಿ ತಟಸ್ಥ ಎಂದು ಹೇಳಿ ಶುರುವಾಗಿತ್ತು. ಆದರೆ ಹುಡುಗಿಯರು ಅವಳ ಪ್ರಾರ್ಥನೆಯಲ್ಲಿ ಬಂದು ಕೂರುತ್ತಿದ್ದರು, ಅವಳು ಬಾಗಿಲು ಹಾಕಲಿಲ್ಲ. 1893ರಲ್ಲಿ ಟಿಳಕರ ಕೇಸರಿ ಪತ್ರಿಕೆ ಹರಿಹಾಯ್ದಿತು, ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರಕರ್ ಅಂಥ ಹಿತೈಷಿಗಳೂ ಹೊರನಡೆದರು, ಹಲವು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ಮುಕ್ತಿಯಂತೂ ಮುಚ್ಚುಮರೆಯಿಲ್ಲದ ಕ್ರೈಸ್ತ ಸಂಸ್ಥೆ. ಹೊಟ್ಟೆಗಿಲ್ಲದೆ ಬಂದ ಮಗು ಅನ್ನ ಕೊಟ್ಟವರ ದೇವರನ್ನು ಒಪ್ಪಿದಾಗ ಅದು ಎಷ್ಟರಮಟ್ಟಿಗೆ ಮನಸಾರೆ ಒಪ್ಪಿದ್ದು ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಇಲ್ಲ. ಚರ್ಚಿನ ನೊಗ ಒಲ್ಲೆ ಎಂದವಳು ತನ್ನ ಕೈಕೆಳಗಿನ ಮಕ್ಕಳ ವಿಷಯದಲ್ಲಿ ಅದೇ ಎಚ್ಚರ ಇಟ್ಟುಕೊಳ್ಳಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಆಕ್ಷೇಪಿಸಿದವರಿಗೂ ಒಂದು ಮಾತು ಕೇಳಬೇಕಾಗುತ್ತದೆ: ಆ ಮಕ್ಕಳು ಕ್ಯಾಂಪಿನ ಬೇಲಿಯ ಬಳಿ ಮಾರಾಟವಾಗುತ್ತಿದ್ದಾಗ ಎಷ್ಟು ಜನ ಹೋಗಿದ್ದರು? ಅದಕ್ಕೂ ಮೊದಲೇ, ಅವಳ ಮತಾಂತರಕ್ಕೆ ಟೀಕೆ ಎದ್ದಾಗ, ಜ್ಯೋತಿಬಾ ಫುಲೆ ಅವಳ ಪರ ನಿಂತಿದ್ದರು. ಇನ್ನೊಬ್ಬರು ಮಾತಿಗಿಂತ ಹೆಚ್ಚಿನದನ್ನು ಮಾಡಿ ತೋರಿಸಿದರು. ಶಾರದಾ ಸದನಕ್ಕೆ ಸೇರಿದ ಮೊದಲ ವಿಧವೆ ಗೋದೂಬಾಯಿಯನ್ನು 1893ರಲ್ಲಿ ಮದುವೆಯಾದ ಧೋಂಡೋ ಕೇಶವ ಕರ್ವೆ, 1896ರಲ್ಲಿ ಹಿಂದೂ ವಿಧವೆಯರಿಗಾಗಿ ತಮ್ಮದೇ ಆಶ್ರಮ ಕಟ್ಟಿದರು. ಮುಂದೆ ಮಹಿಳಾ ವಿಶ್ವವಿದ್ಯಾಲಯವಾಗಿ ಬೆಳೆದದ್ದು ಅವರ ಕೆಲಸವೇ. ಅವಳ ಧರ್ಮವನ್ನು ಒಪ್ಪದವರೂ ಅವಳ ಕೆಲಸವನ್ನು ಮುಂದುವರಿಸಬಹುದಿತ್ತು, ಮುಂದುವರಿಸಿದರು.

ಅವಳ ಒಳಗಿನ ನಂಬಿಕೆಯೂ ದೀಕ್ಷೆಯ ದಿನವೇ ಪೂರ್ತಿಯಾಗಿರಲಿಲ್ಲ. ಮತವನ್ನು ಕಂಡುಕೊಂಡಿದ್ದೆ, ಕ್ರಿಸ್ತನನ್ನಲ್ಲ ಎಂಬ ಅರ್ಥದಲ್ಲಿ ಅವಳೇ ಬರೆದುಕೊಂಡಿದ್ದಾಳೆ. ದೀಕ್ಷೆಯಾಗಿ ಎಂಟು ವರ್ಷ ಕಳೆದ ಮೇಲೆ ಮನಸ್ಸು ನೆಲೆ ಕಂಡಿತು. ವಾದದಲ್ಲಿ ಗೆದ್ದು ಪಡೆದ ಮತ ಬೇರೆ, ಭಾರ ಇಳಿಸಿಟ್ಟು ಪಡೆದ ವಿಶ್ವಾಸ ಬೇರೆ. ಎರಡನೆಯದು ಬಂದ ಮೇಲಿನ ಅವಳ ಕೆಲಸವನ್ನು ಮೊದಲಿನದರ ಪಕ್ಕ ಇಟ್ಟು ನೋಡಿ. ಮೊದಲು ಮೇಲ್ಜಾತಿಯ ಕೆಲವು ಡಜನ್ ವಿಧವೆಯರು. ಆಮೇಲೆ ಜಾತಿ ಕೇಳದೆ ಬಂದ ಸಾವಿರಾರು ಮಕ್ಕಳು. ತನ್ನ ಕುಲದ ಹೆಮ್ಮೆಯನ್ನು ತಂದೆ ಸಾವಿನ ಬಾಗಿಲವರೆಗೂ ಬಿಡಲಾಗಲಿಲ್ಲ. ಮಗಳು ಅದನ್ನು ಕೇಡಗಾಂವ್‌ನ ಚಪ್ಪರದಡಿ ಬಿಟ್ಟಳು.

ಮಗಳು ಮನೋರಮಾ ತಾಯಿಯ ಬಲಗೈಯಾಗಿ ಬೆಳೆದಳು. 1910ರ ದಶಕದ ಆರಂಭದಲ್ಲಿ, ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಳು. ಗಂಗಾಮೂಲದಿಂದ ಪೆಟ್ಟಿಗೆಯಲ್ಲಿ ಇಳಿದ ಕೂಸಿನ ಮಗಳು ಕನ್ನಡದ ನೆಲಕ್ಕೆ ಪಾಠಶಾಲೆಯೊಂದಿಗೆ ಮರಳಿದ್ದಳು. 1921ರಲ್ಲಿ, ತಾಯಿ ಬದುಕಿರುವಾಗಲೇ, ಅವಳು ತೀರಿಹೋದಳು. ರಮಾಬಾಯಿ ಆಗ ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಮರಾಠಿಗೆ ತರುವ ಕೆಲಸದಲ್ಲಿದ್ದಳು. ಎರಡೂ ಭಾಷೆಗಳನ್ನು ಇದಕ್ಕಾಗಿಯೇ ನಡುವಯಸ್ಸಿನಲ್ಲಿ ಕಲಿತಿದ್ದಳು. ಪಂಡಿತರ ಸಭೆಗಳನ್ನು ಸಂಸ್ಕೃತದಿಂದ ಬೆರಗಾಗಿಸಿದ್ದವಳು ಈಗ ಸಂಸ್ಕೃತದ ಭಾರದ ಪದಗಳನ್ನು ಬದಿಗಿಟ್ಟು, ಹಳ್ಳಿಯ ಹೆಂಗಸು ಯಾರ ಸಹಾಯವೂ ಇಲ್ಲದೆ ಓದಿಕೊಳ್ಳುವಂಥ ಮರಾಠಿ ಹುಡುಕುತ್ತಿದ್ದಳು. ಮಗಳು ಹೋದ ಮೇಲೂ ಕೆಲಸ ನಿಲ್ಲಿಸಲಿಲ್ಲ. ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದಳು. ಆ ಹಾಳೆಗಳಿಗೆ ಅಚ್ಚಿನ ಮೊಳೆ ಜೋಡಿಸಿದ್ದು ಮುಕ್ತಿಯ ಅಚ್ಚುಕೂಟದಲ್ಲಿ ಕೆಲಸ ಕಲಿತ ಹೆಂಗಸರ ಬೆರಳುಗಳು.